ಕೂತರೂ 96, ಮಲಗಿದರೂ 95: ನಾಡಿ ಏಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗೆ 57 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಮಗ ತಂದುಕೊಟ್ಟ ಸ್ಮಾರ್ಟ್‌ವಾಚ್‌ನಲ್ಲಿ ನನ್ನ ನಾಡಿ ಕೂತರೂ 96, ಮಲಗಿದರೂ 95. ನಿದ್ದೆಯಲ್ಲೂ ಹೆಚ್ಚು ಇಳಿಯುವುದಿಲ್ಲ. ಅದೇ ವಾಚನ್ನು 23 ವರ್ಷದ ಮಗಳು ಕಟ್ಟಿಕೊಂಡರೆ ಕೂತಲ್ಲೇ 62, 74, ಮತ್ತೆ 65 ಎಂದು ಕುಣಿಯುತ್ತದೆ. ನನ್ನ ಇಸಿಜಿ, ಎಕೋ ಎರಡೂ ನಾರ್ಮಲ್. ಈಚೆಗೆ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ, ಅದು ಪಿತ್ತ ಇರಬಹುದು. ಮಗಳನ್ನು ಹೃದಯ ತಜ್ಞರಿಗೆ ತೋರಿಸಬೇಕೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ತೋರಿಸಬೇಕಾದವರು ನೀವು. ಮಗಳ ನಾಡಿ ಹಾಗೆ ಏರಿಳಿಯುವುದು ಆ ವಯಸ್ಸಿಗೆ ಸಹಜ, ಒಳ್ಳೆಯದೂ ಹೌದು. ಏರಿಳಿಯದೆ ಒಂದೇ ಕಡೆ ನಿಂತಿರುವ ನಿಮ್ಮ ನಾಡಿಯ ಬಗ್ಗೆಯೇ ನನಗೆ ಯೋಚನೆ.

ಹೃದಯಕ್ಕೆ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು ತನ್ನಷ್ಟಕ್ಕೆ ವಿದ್ಯುತ್ ಹುಟ್ಟಿಸುತ್ತಿರುತ್ತದೆ. ನರಗಳ ಸಂಪರ್ಕವನ್ನೆಲ್ಲ ತೆಗೆದರೆ ಅದರ ವೇಗ ಯುವಕರಲ್ಲಿ ನಿಮಿಷಕ್ಕೆ 100ರ ಆಸುಪಾಸು, ವಯಸ್ಸಾದಂತೆ ಕ್ರಮೇಣ ಕಡಿಮೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಸಿಯಲ್ಲಿ ನರಗಳು ಕತ್ತರಿಸಿಹೋಗಿರುತ್ತವೆ, ಹಾಗಾಗಿ ಸುಮ್ಮನೆ ಕೂತಿದ್ದರೂ ಅವರ ನಾಡಿ ಸಾಮಾನ್ಯವಾಗಿ 90ರಿಂದ 110.

ಹಾಗಾದರೆ ಉಳಿದವರಿಗೆ 70 ಏಕೆ? ಮೆದುಳಿನ ಬುಡದಿಂದ ಕತ್ತಿನ ಮೂಲಕ ಇಳಿದು ಬರುವ ವೇಗಸ್ ನರ ಹಗಲೂ ರಾತ್ರಿ ಲಗಾಮು ಹಿಡಿದಿರುತ್ತದೆ. ಆರಾಮವಾಗಿರುವಾಗ ಹೃದಯವನ್ನು ಓಡಿಸುವುದಕ್ಕಿಂತ ತಡೆದು ಹಿಡಿಯುವುದೇ ಹೆಚ್ಚು. ನಾವು ಎದ್ದು ನಾಲ್ಕು ಹೆಜ್ಜೆ ನಡೆದಾಗ ನಾಡಿ ಏರುವುದು ಮೊದಲಿಗೆ ಈ ಲಗಾಮು ಸಡಿಲವಾಗುವುದರಿಂದ. ಹೆದರಿಕೆ, ಓಟ, ಬೆಟ್ಟ ಹತ್ತುವುದು ಇವೆಲ್ಲ ಬಂದಾಗ ಸಿಂಪಥೆಟಿಕ್ ಎಂಬ ಇನ್ನೊಂದು ಬಗೆಯ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿದು ಹೃದಯವನ್ನು ಮುಂದಕ್ಕೆ ಓಡಿಸುತ್ತವೆ.

ವೇಗಸ್ ಈ ಕೆಲಸವನ್ನು ರಾಸಾಯನಿಕದಿಂದ ಮಾಡುತ್ತದೆ ಎಂದು ತೋರಿಸಿದವರು ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ ಓಟೋ ಲೋವಿ. 1921ರ ಆ ಪ್ರಯೋಗ ಎಷ್ಟು ಸರಳವೆಂದರೆ, ಕಪ್ಪೆಯ ಒಂದು ಹೃದಯದ ವೇಗಸ್ ನರವನ್ನು ಕೆಣಕಿ ಬಡಿತ ನಿಧಾನವಾದ ಮೇಲೆ, ಅದರೊಳಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಆ ಎರಡನೆಯದೂ ನಿಧಾನವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. 1936ರಲ್ಲಿ ಹೆನ್ರಿ ಡೇಲ್ ಜೊತೆಗೆ ಅವರಿಗೆ ನೊಬೆಲ್ ಬಂತು.

ಈ ಎರಡು ನರಗಳ ಕೆಲಸದ ವೇಗ ಒಂದೇ ಅಲ್ಲ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಇಲ್ಲೇ. ವೇಗಸ್‌ನ ಸಂದೇಶ ಒಂದು ಬಡಿತದೊಳಗೇ ಫಲ ಕೊಡುತ್ತದೆ, ಅಷ್ಟೇ ಬೇಗ ಅಳಿದುಹೋಗುತ್ತದೆ. ಸಿಂಪಥೆಟಿಕ್ ಪರಿಣಾಮ ತುಂಬಿಕೊಳ್ಳಲು ಹಲವು ಸೆಕೆಂಡು ಬೇಕು. ಆದ್ದರಿಂದ ಉಸಿರು ಎಳೆದಾಗ ನಾಡಿ ತುಸು ಏರಿ, ಬಿಟ್ಟಾಗ ಇಳಿಯುತ್ತದಲ್ಲ, ಅದು ಹೆಚ್ಚುಕಡಿಮೆ ವೇಗಸ್‌ನದೇ ಕೆಲಸ. ಮಗಳ ವಾಚಿನಲ್ಲಿ ಕುಣಿಯುವ ಅಂಕಿಗಳಲ್ಲಿ ಇದರ ಪಾಲು ದೊಡ್ಡದು.

ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದರೆ ಉದ್ದನೆಯ ನರಗಳು ಮೊದಲು ಸೊರಗುತ್ತವೆ. ಪಾದ ಜುಮ್ಮೆನ್ನುವುದು ಅದಕ್ಕೇ. ವೇಗಸ್ ಕೂಡ ಉದ್ದನೆಯ ನರವೇ. ಅದರ ಹಿಡಿತ ತಪ್ಪಿ ಸಿಂಪಥೆಟಿಕ್‌ನ ಒತ್ತು ಮಾತ್ರ ಉಳಿದಾಗ ನಾಡಿ 90, 100ರ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತದೆ. ನಂತರದ ಹಂತದಲ್ಲಿ ಸಿಂಪಥೆಟಿಕ್ ನರಗಳೂ ಸೋಲುತ್ತವೆ. ನಾವು ಎದ್ದು ನಿಂತ ಕೂಡಲೇ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಕಾಲು, ಹೊಟ್ಟೆಯ ಕಡೆಗೆ ಜಾರುತ್ತದೆ. ಕತ್ತಿನ ರಕ್ತನಾಳದಲ್ಲೂ ಮಹಾಪಧಮನಿಯಲ್ಲೂ ಇರುವ ಒತ್ತಡದ ಸಂವೇದಕಗಳು ಇದನ್ನು ಮೆದುಳಿಗೆ ತಿಳಿಸಿ, ಸಿಂಪಥೆಟಿಕ್ ನರಗಳ ಮೂಲಕ ನಾಳಗಳು ಬಿಗಿಯಾಗಬೇಕು. ಆಗದಿದ್ದರೆ ಕಣ್ಣಿಗೆ ಕತ್ತಲೆ. ನೀವು ಪಿತ್ತ ಎಂದು ಪಕ್ಕಕ್ಕಿಟ್ಟದ್ದು ಇದೇ ಇರಬಹುದು.

ಇಷ್ಟೆಲ್ಲ ಹೇಳಿದರೂ ರೋಗ ಇದೇ ಎಂದು ಪತ್ರ ನೋಡಿ ತೀರ್ಮಾನಿಸಲಾಗದು. ರಕ್ತಹೀನತೆ, ಥೈರಾಯ್ಡ್, ಆಸ್ತಮಾ ಇನ್‌ಹೇಲರ್ ಕೂಡ ನಾಡಿ ಏರಿಸುತ್ತವೆ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ವಿಟಮಿನ್ ಬಿ12 ಕೂಡ. ಆಮೇಲೆ ಉಸಿರಾಟದ ಪರೀಕ್ಷೆ ಕೇಳಿ. ಇಸಿಜಿ ಓಡುತ್ತಿರುವಾಗ 5 ಸೆಕೆಂಡು ಉಸಿರು ಎಳೆದು 5 ಸೆಕೆಂಡು ಬಿಡುತ್ತಾ, ನಿಮಿಷಕ್ಕೆ 6 ಉಸಿರು. ಅತಿ ಹೆಚ್ಚು ಮತ್ತು ಅತಿ ಕಡಿಮೆ ನಾಡಿಯ ನಡುವೆ 15 ಅಥವಾ ಹೆಚ್ಚು ಅಂತರವಿದ್ದರೆ ಸಮಾಧಾನ. 10 ಅಥವಾ ಕಡಿಮೆಯಿದ್ದರೆ ನರ ಸೊರಗಿದೆ ಎಂದು ಶಂಕಿಸುತ್ತೇವೆ, ವಯಸ್ಸನ್ನೂ ಲೆಕ್ಕಕ್ಕಿಟ್ಟು. ನಿಮ್ಮ ಎಂದಿನ ಇಸಿಜಿ ಕೆಲವೇ ಸೆಕೆಂಡಿನದು, ಅದೂ ಆರಾಮವಾಗಿ ಮಲಗಿಸಿ ತೆಗೆದದ್ದು. ಅದು ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ಮಲಗಿದಾಗ ಒಮ್ಮೆ, ನಿಂತು 1 ಮತ್ತು 3 ನಿಮಿಷಕ್ಕೆ ಒಮ್ಮೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಸಿಕ್ಕಿತು. ಬಿಪಿ, ಪ್ರಾಸ್ಟೇಟ್ ಮಾತ್ರೆಗಳೂ ಹೀಗೆ ಇಳಿಸಬಹುದಾದ್ದರಿಂದ ಚೀಟಿಗಳನ್ನೆಲ್ಲ ಒಯ್ಯಿರಿ.

ಇನ್ನೊಂದು ಮಾತು ಮುಖ್ಯ. ಈ ನರಗಳು ಸೊರಗಿದವರಿಗೆ ಹೃದಯಾಘಾತವಾದರೂ ಎದೆನೋವು ಬರದೇ ಇರಬಹುದು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆಯ ಬೆವರು, ವಾಂತಿ, ವಿಪರೀತ ಸುಸ್ತು ಕಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರಿಗೂ ಈ ವಿಷಯ ಹೇಳಿ.

ಹಾಳಾದ ನರವನ್ನು ಪೂರ್ತಿ ಸರಿಮಾಡುವ ಔಷಧಿ ಇಲ್ಲ. ಸಕ್ಕರೆ ಹತೋಟಿ ಮತ್ತು ನಿಧಾನವಾಗಿ ಶುರುಮಾಡಿ ನಿಧಾನವಾಗಿ ಮುಗಿಸುವ ನಡಿಗೆ ಇನ್ನಷ್ಟು ಹದಗೆಡುವುದನ್ನು ತಡೆಯಲು ನೆರವಾಗುತ್ತವೆ. ಬೆಳಿಗ್ಗೆ ಎದ್ದಾಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಮೀನಖಂಡ ಬಿಗಿಮಾಡಿ ಸಡಿಲಿಸಿ, ಆಮೇಲೆ ನಿಲ್ಲಿ. ನಾಡಿ ಇಳಿಸಲೆಂದು ಪಕ್ಕದ ಮನೆಯವರ ಮೆಟೊಪ್ರೊಲಾಲ್ ಮಾತ್ರ ನುಂಗಬೇಡಿ. ಸಕ್ಕರೆ ತೀರಾ ಇಳಿದಾಗ ಎಚ್ಚರಿಸುವ ಎದೆಬಡಿತವನ್ನೇ ಅದು ಮರೆಮಾಚಬಲ್ಲದು. ಮಗಳು ಎಂದಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ಅಥವಾ ಓಡುವಾಗ ಎದೆನೋವು ಬಂದಿದ್ದರೆ ಆಗ ಅವಳನ್ನೂ ಕರೆದೊಯ್ಯಿರಿ, ಇಲ್ಲದಿದ್ದರೆ ಬೇಕಿಲ್ಲ.