ಸಂಪಾದಕರ ಉತ್ತರ: ಮುಟ್ಟಿನ ತಾರೀಕು ಕೇಳದ ನರತಜ್ಞರು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ: "ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಎರಡು ವರ್ಷದಿಂದ ಮುಟ್ಟಿಗೆ ನಾಲ್ಕು ದಿನ ಮೊದಲೇ ಬಲಗಾಲು ಎಳೆಯುತ್ತದೆ, ಕಣ್ಣು ಮಸುಕಾಗುತ್ತದೆ. ಮುಟ್ಟಾದ ಮೇಲೆ ಇಳಿಯುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಬಿಸಿಬಿಸಿ ನೀರು ಮಿಂದರೆ ಸರಿಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಎಲ್ಲ ನನ್ನ ಭ್ರಮೆಯೇ?"

ಭ್ರಮೆಯಲ್ಲ ತಂಗಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳುಮಾಡುವ ರೋಗ. ಡಾಕ್ಟರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ: ಈ ಬಗ್ಗೆ ನಡೆದ ಅಧ್ಯಯನಗಳು ಸಣ್ಣವು, ಮತ್ತು ರೋಗದ ನಿಜವಾದ ಮರುದಾಳಿಯನ್ನು "ಮುಟ್ಟಿನದ್ದು" ಎಂದು ಬಿಟ್ಟುಬಿಟ್ಟರೆ ನಷ್ಟ ನಿಮಗೇ. ಇಷ್ಟು ಒಪ್ಪೋಣ. ಆದರೆ ಒಬ್ಬ ಗಂಡಸಿಗೆ ಮೂವರು ಹೆಂಗಸರಂತೆ ಹಿಡಿಯುವ ರೋಗ ಇದು, ಅದೂ ಹೆಚ್ಚಾಗಿ 20ರಿಂದ 40ರ ಪ್ರಾಯದಲ್ಲಿ. ಹಾಗಿದ್ದೂ ಕಳೆದ ಮುಟ್ಟು ಯಾವಾಗ ಎಂಬ ಪ್ರಶ್ನೆ ಪ್ರಸೂತಿ ವೈದ್ಯರ ಕೋಣೆಯಿಂದ ಹೊರಗೆ ಬರುವುದೇ ಇಲ್ಲ. ಹಾರ್ಮೋನಿಗೂ ಈ ರೋಗಕ್ಕೂ ನಂಟಿದೆ ಎಂಬುದಂತೂ ಹೊಸ ಸುದ್ದಿಯಲ್ಲ. ಈ ರೋಗವಿದ್ದ ಯುರೋಪಿನ 254 ಗರ್ಭಿಣಿಯರನ್ನು ಗಮನಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊನೆಯ ಮೂರು ತಿಂಗಳು ಮರುದಾಳಿ ಗಣನೀಯವಾಗಿ ಇಳಿದು, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಏರಿತ್ತು.

ನಿಮಗಾಗುತ್ತಿರುವುದಕ್ಕೆ ಬಹುಮಟ್ಟಿಗೆ ಮೈಬಿಸಿ ಕಾರಣವಿರಬಹುದು. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರೋನ್ ಏರಿ ಮೈಯ ಉಷ್ಣತೆ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚುತ್ತದೆ, ಮುಟ್ಟಾಗುವ ಹೊತ್ತಿಗೆ ಇಳಿಯುತ್ತದೆ. ಮಯಲಿನ್ ಹೊದಿಕೆ ಕಳೆದುಕೊಂಡ ನರಕ್ಕೆ ಅಷ್ಟು ಬಿಸಿಯೇ ಸಾಕು, ಸಂಕೇತ ಮಧ್ಯದಲ್ಲೇ ನಿಂತುಬಿಡುತ್ತದೆ. ಮೈದಣಿದಾಗ ರೋಗಿಗಳ ಕಣ್ಣು ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ಊಟ್‌ಹೋಫ್ 1890ರಲ್ಲೇ ಬರೆದಿಟ್ಟಿದ್ದ. ಎಂಆರ್‌ಐ ಬರುವ ಮೊದಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಕೆರಳುತ್ತದೆಯೇ ಎಂದು ನೋಡುವುದೇ ಒಂದು ಪರೀಕ್ಷೆಯಾಗಿತ್ತು! ನಿಮ್ಮ ಅತ್ತೆಯವರು ಪ್ರೀತಿಯಿಂದ ಹೇಳುವ ಮದ್ದು ಅದೇ. ಆ ವಾರ ಉಗುರುಬೆಚ್ಚಗಿನ ನೀರೇ ಮೀಯಿರಿ.

ಎರಡು ವರ್ಷವಾದರೂ ಒಂದು ತಾರೀಕನ್ನೂ ಬರೆದಿಟ್ಟಿಲ್ಲವಾದರೆ ಅದು ಮಾತ್ರ ನಿಮ್ಮ ತಪ್ಪು. ಇಂದೇ ಹಾಳೆಯಲ್ಲಿ ಗೆರೆ ಹಾಕಿ: ಮುಟ್ಟಾದಂದಿನಿಂದ ಎಷ್ಟನೇ ದಿನ, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಲಿಗೆಯಡಿಯ ಉಷ್ಣತೆ, ಕಾಲು, ಕಣ್ಣು, ಸುಸ್ತು (ತಲಾ ಹತ್ತರಲ್ಲಿ ಎಷ್ಟು), ನಿದ್ದೆ, ಮೂತ್ರ. ಮೂರು ತಿಂಗಳು ಬಿಡದೆ ಬರೆಯಿರಿ. ಮೈಬಿಸಿ ಇಳಿದು ರಕ್ತ ಕಂಡ ಮೇಲೂ ಕಾಲು ಸುಧಾರಿಸದಿದ್ದರೆ ಬೇರೆ ಕಾರಣ ಹುಡುಕಬೇಕು. ಮೂತ್ರದ ಸೋಂಕನ್ನು ಮೊದಲು ನೋಡಿಸಿ. ಜ್ವರ, ಉರಿ ಇಲ್ಲದೆಯೂ ಅದು ಲಕ್ಷಣಗಳನ್ನು ಕೆರಳಿಸುತ್ತದೆ. ಸ್ರಾವ ಜಾಸ್ತಿಯಿದ್ದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ರಕ್ತಪರೀಕ್ಷೆ) ಕೂಡ ಮಾಡಿಸಿ. ಜ್ವರ, ಸೋಂಕು ಇಲ್ಲದೆ ಹೊಸ ಲಕ್ಷಣವೊಂದು 24 ಗಂಟೆ ದಾಟಿದರೆ ಮರುದಾಳಿಯೇ ಇರಬಹುದು, ಕಾಯಬೇಡಿ. ತಿಂಗಳ ಏರಿಳಿತಕ್ಕೆ, ಮರುದಾಳಿಗೆ ಕೊಡುವ ಸ್ಟೀರಾಯ್ಡ್ ಡ್ರಿಪ್ ಬೇಕಿಲ್ಲ.

ನಮ್ಮ ಕಡಲ ಬದಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಒದ್ದೆ ಬಟ್ಟೆ, ಫ್ಯಾನು ಇಷ್ಟೇ ಸಾಲದು. ಐಸನ್ನು ತೆಳು ಬೈರಾಸಿನಲ್ಲಿ ಸುತ್ತಿ ಕುತ್ತಿಗೆಗೂ ಮುಂಗೈಗೂ 15 ನಿಮಿಷ ಇಡಿ, ಕಾಲನ್ನು ತಣ್ಣೀರಿನ ಬಕೆಟಿನಲ್ಲಿಡಿ, ತಣ್ಣನೆಯ ನೀರು ಗುಟುಕರಿಸಿ. ಒಲೆಯ ಮುಂದಿನ ಕೆಲಸ ಬೆಳಗ್ಗೆಯೇ ಮುಗಿಯಲಿ. ಹೊಟ್ಟೆನೋವಿಗೆ ಬಿಸಿನೀರಿನ ಚೀಲ ಬೇಕೇ ಬೇಕೆಂದರೆ ಕೆಳಹೊಟ್ಟೆಗೆ ಮಾತ್ರ, ಬಟ್ಟೆ ಸುತ್ತಿ, ಹತ್ತು ನಿಮಿಷ. ಬಿಸಿಯನ್ನು ಸ್ಪರ್ಶ ಸರಿಯಿರುವ ಕೈಯಿಂದ ನೋಡಿ. ಚರ್ಮ ಮರಗಟ್ಟಿದ ಜಾಗದಲ್ಲಿ ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಮುಟ್ಟಿನ ಹೊಟ್ಟೆನೋವಿಗೆ ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಕೇಳಿ ತರುವ ಮೆಫ್ತಾಲ್ ಸ್ಪಾಸ್ ಬಗ್ಗೆ ಹೇಳಲೇಬೇಕು. ಅದರಲ್ಲಿ ನೋವು ಇಳಿಸುವ ಮೆಫೆನಾಮಿಕ್ ಆಸಿಡ್ ಜೊತೆ ಹೊಟ್ಟೆಯ ಸೆಳೆತ ತಗ್ಗಿಸುವ ಡೈಸೈಕ್ಲೊಮಿನ್ ಇದೆ. ಈ ಎರಡನೆಯದು ಬೆವರನ್ನು ತಡೆಯುತ್ತದೆ, ಮೂತ್ರ ಕಟ್ಟಿಸುತ್ತದೆ, ಮಲಬದ್ಧತೆ ತರುತ್ತದೆ. ಮೂತ್ರದ ಅವಸರ ತಗ್ಗಿಸಲು ಆಕ್ಸಿಬ್ಯುಟಿನಿನ್ ಅಥವಾ ಸೋಲಿಫೆನಾಸಿನ್ ತೆಗೆದುಕೊಳ್ಳುತ್ತಿದ್ದರಂತೂ ಒಂದರ ಮೇಲೊಂದು ಹೊರೆ. ಡೈಸೈಕ್ಲೊಮಿನ್ ಇಲ್ಲದ ಮಾತ್ರೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ; ಕಿಡ್ನಿ, ಜಠರದ ಹುಣ್ಣಿನ ತೊಂದರೆ ಇದ್ದರೆ ಮೊದಲೇ ಹೇಳಿ, ಊಟದ ನಂತರವೇ ನುಂಗಿ. ಮುಟ್ಟನ್ನೇ ತಡೆಯಲು ಗರ್ಭನಿರೋಧಕ ಮಾತ್ರೆಯನ್ನು ಬಿಡುವಿಲ್ಲದೆ ನುಂಗುವ ದಾರಿಯೂ ಇದೆ. ಆದರೆ ನಡೆದಾಟ ಕಡಿಮೆಯಿದ್ದವರಿಗೆ ರಕ್ತ ಹೆಪ್ಪುಗಟ್ಟುವ ಭಯ, ಮತ್ತು ನರನೋವಿಗೆ ಕೊಡುವ ಕಾರ್ಬಮಜೆಪಿನ್, ಸುಸ್ತಿಗೆ ಕೊಡುವ ಮೊಡಾಫಿನಿಲ್ ಆ ಮಾತ್ರೆಯ ಬಲ ಕುಗ್ಗಿಸುತ್ತವೆ. ಸ್ವಂತ ಬುದ್ಧಿಯಿಂದ ಬೇಡ.

ಇನ್ನು ಅಂಗವೈಕಲ್ಯ ಪ್ರಮಾಣಪತ್ರದ ವಿಷಯ. ಅದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ರೋಗದ ಹೆಸರೇ ಇದೆ. ಆದರೆ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿ ನಿಮ್ಮನ್ನು ನೋಡುವುದು ಒಂದೇ ದಿನ. ಅದು ಮುಟ್ಟು ಮುಗಿದ ಮರುವಾರವಾದರೆ ನೀವು ನೆಟ್ಟಗೆ ನಡೆದು ಹೋಗುತ್ತೀರಿ, ಮೀಸಲಾತಿಗೆ ಬೇಕಾದ 40 ಶೇಕಡಾ ಕೈತಪ್ಪುತ್ತದೆ. ತಿಂಗಳಲ್ಲಿ ಒಂದು ವಾರ ಕಾಲು ಬರದವಳಿಗೆ ಯಾವ ನಮೂನೆಯಲ್ಲೂ ಖಾನೆಯಿಲ್ಲ. ನಮೂನೆ ಮಲಯಾಳದಲ್ಲಿದ್ದರೆ, ನಮ್ಮವರು ಓದಲಾಗದೆ ಪಕ್ಕದವರಿಂದ ತುಂಬಿಸಿಕೊಳ್ಳುತ್ತಾರೆ, ಮುಟ್ಟಿನ ಸಂಗತಿ ಅಲ್ಲಿ ಬಾಯಿಗೇ ಬರುವುದಿಲ್ಲ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಬಳಸುವವರು ಬೆರಳೆಣಿಕೆಯಷ್ಟು. ನೀವು ಬಳಸಿ. ಅರ್ಜಿಯ ಜೊತೆ ಕನ್ನಡದಲ್ಲೇ ಒಂದು ಪತ್ರ ಬರೆದು, ಮೂರು ತಿಂಗಳ ಹಾಳೆಗಳ ಪ್ರತಿ ಲಗತ್ತಿಸಿ, ಮೂಲ ಹಾಳೆ ಕೈಯಲ್ಲಿಟ್ಟುಕೊಂಡು ಮಂಡಳಿಯ ಮುಂದೆ ಹೋಗಿ.