ಸ್ಟುಟ್‌ಗಾರ್ಟ್‌ನ ಮೊದಲ ವರ್ಷ: ದುರ್ಗದ ತಂಗಿಗೊಂದು ಉತ್ತರ

ನಿಮ್ಮ ಪತ್ರ ತಲುಪಿತು. ಚಿತ್ರದುರ್ಗದಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿ ವರ್ಷ ತುಂಬಿತೆಂದೂ, ಹಿಂದಿರುಗಿ ನೋಡಿದರೆ ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿಲ್ಲವೆಂದೂ, ವಾಹನದ ಬಿಡಿಭಾಗಗಳ ಪರೀಕ್ಷಾ ವಿಭಾಗದಲ್ಲಿ ಕುಳಿತಿರುವಾಗ ‘ಇವಳಿಗೆ ಏನೂ ಬರುವುದಿಲ್ಲ ಎಂಬುದು ಇವತ್ತೋ ನಾಳೆಯೋ ಎಲ್ಲರಿಗೂ ಗೊತ್ತಾಗಿಬಿಡುತ್ತದೆ’ ಎಂಬ ಅಳುಕು ಬಿಡುತ್ತಿಲ್ಲವೆಂದೂ ಬರೆದಿದ್ದೀರಿ. ಊರಿನ ಗೆಳತಿಯರ ಮಾತು ಕಡಿಮೆಯಾಗಿದೆ, ಅಲ್ಲಿ ಹೊಸಬರು ಯಾರೂ ಹತ್ತಿರವಾಗಿಲ್ಲ, ಮರಳಿಬಿಡಲೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ‘ಅಕ್ಕ’ ಎಂದು ಕರೆದಿರುವುದರಿಂದ ಅಕ್ಕನ ಸಲುಗೆಯಲ್ಲೇ ಉತ್ತರಿಸುತ್ತೇನೆ. ನಾನೂ ಜರ್ಮನಿಯಿಂದ ರಜೆಗೆಂದು ದಾವಣಗೆರೆಗೆ ಬಂದಿದ್ದೇನೆ, ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವಾಗಿ ಎಲ್ಲರೂ ಮಲಗಿದ ಮೇಲೆ ಸಿಗುವ ಬಿಡುವಿನಲ್ಲಿ ಬರೆಯುತ್ತಿರುವುದರಿಂದ ಉತ್ತರ ಸ್ವಲ್ಪ ಉದ್ದವಾದೀತು.

ನೀವು ಸಂಕಟಗಳನ್ನು ಬೇರೆ ಬೇರೆಯಾಗಿ ಬರೆದಿದ್ದರೂ ನನ್ನ ಕಣ್ಣಿಗೆ ಅವೆಲ್ಲ ಒಂದೇ ಎಳೆಯವು. ನಮ್ಮ ಊರುಗಳಲ್ಲಿ ‘ನಿನಗೆ ಬರುತ್ತದೆ ಬಿಡು’ ಎಂದು ನಮಗೆ ಹೇಳುತ್ತಿದ್ದವರು ಮೇಲಧಿಕಾರಿಗಳಲ್ಲ, ಜೊತೆಯವರು. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸು ಕೇಳಲು ಬಂದ ಗೆಳತಿ, ಲ್ಯಾಬಿನಲ್ಲಿ ರೀಡಿಂಗ್ ತಪ್ಪಾದಾಗ ನಕ್ಕು ಸರಿಪಡಿಸಿದ ಸಹಪಾಠಿ, ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ನಿಂತು ‘ನೀನೇ ಹಿಂಗಂದ್ರೆ ನಮ್ಮ ಗತಿ ಏನೇ’ ಎಂದು ಬೈದವಳು, ಇವರೆಲ್ಲ ನಮಗೆ ಅರಿವಾಗದಂತೆಯೇ ನಮ್ಮ ಧೈರ್ಯವನ್ನು ದಿನದಿನವೂ ಕಾಯ್ದುಕೊಡುತ್ತಿದ್ದರು. ಪರದೇಶಕ್ಕೆ ಹೋಗುವಾಗ ಕಲಿತ ವಿದ್ಯೆ ಜೊತೆಗೆ ಬರುತ್ತದೆ, ಈ ಜನ ಬರುವುದಿಲ್ಲ. ಆಗ ಕಚೇರಿಯೊಂದೇ ಉಳಿದು, ಸಂಬಳದ ಜೊತೆಗೆ ಮೆಚ್ಚುಗೆ, ಸಲುಗೆ, ಭರವಸೆ ಎಲ್ಲವನ್ನೂ ಅದೇ ಕೊಡಲಿ ಎಂದು ಕಾಯತೊಡಗುತ್ತೇವೆ. ಜರ್ಮನಿಯ ಕಚೇರಿ, ಅದರಲ್ಲೂ ನೀವಿರುವ ಶ್ವಾಬೆನ್ ಸೀಮೆಯ ಕಚೇರಿ, ಅಷ್ಟನ್ನೆಲ್ಲ ಕೊಡುವ ಜಾಗವಲ್ಲ. ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿದಂತೆ ಎಂಬ ಗಾದೆಯೇ ಆ ಸೀಮೆಯಲ್ಲಿದೆ, ಮತ್ತು ಅದನ್ನು ಅವರು ತಮಾಷೆಗೆ ಹೇಳಿದರೂ ಶ್ರದ್ಧೆಯಿಂದ ಪಾಲಿಸುತ್ತಾರೆ.

ಆದ್ದರಿಂದ ಕೆಲಸದ ಬಗೆಗಿನ ತೀರ್ಪನ್ನು ಸಹೋದ್ಯೋಗಿಗಳ ಮುಖಭಾವದಲ್ಲಿ ಹುಡುಕುವುದನ್ನು ಬಿಟ್ಟು, ಅದು ಬರೆದಿರುವ ಕಡೆ ಓದಿರಿ. ಅಲ್ಲಿನ ಕಾನೂನಿನ ಪ್ರಕಾರ ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು. ಆ ಅವಧಿಯಲ್ಲಿ 2 ವಾರಗಳ ನೋಟಿಸ್ ಕೊಟ್ಟು, ಕಾರಣವನ್ನೂ ಹೇಳದೆ ಮನೆಗೆ ಕಳುಹಿಸಬಹುದು. 6 ತಿಂಗಳು ದಾಟಿದ ಮೇಲೆ, 10ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಾದರೆ, ವಜಾದಿಂದ ರಕ್ಷಣೆ ಕೊಡುವ ಕಾಯ್ದೆ ಅನ್ವಯವಾಗುತ್ತದೆ. ಆಮೇಲೆ ಯಾರನ್ನಾದರೂ ತೆಗೆಯಬೇಕೆಂದರೆ ಕಾನೂನು ಒಪ್ಪುವ ಕಾರಣ ಬೇಕು. ನಿಮ್ಮದು ದೊಡ್ಡ ಸಂಸ್ಥೆ. ಅಂದರೆ ಸುಲಭವಾಗಿ ಕೈಬಿಡಬಹುದಾಗಿದ್ದ ಕಾಲದಲ್ಲಿ ನಿಮ್ಮನ್ನು ಪರೀಕ್ಷಿಸಿ, ಕೈಬಿಡದೆ, ಮುಂದೆ ಕೈಬಿಡುವುದು ಕಷ್ಟವೆಂದು ತಿಳಿದೇ ಉಳಿಸಿಕೊಂಡಿದ್ದಾರೆ. ಅವರು ಲೆಕ್ಕಾಚಾರದ ಜನ, ದಾಕ್ಷಿಣ್ಯಕ್ಕೆ ಬಿದ್ದು ಸಂಬಳ ಕೊಡುವವರಲ್ಲ. ಪ್ರೊಬೇಷನ್ ಮುಗಿದ ದಿನ ಯಾರೂ ಕೈಕುಲುಕಲಿಲ್ಲ ಎಂಬುದಷ್ಟೇ ನಿಮ್ಮ ನೆನಪಿನಲ್ಲಿ ಉಳಿದಿದೆ.

ನೀವು ಬರೆದ ವರದಿಯೊಂದು ಅಂಚಿನ ತುಂಬ ಕೆಂಪು ಟಿಪ್ಪಣಿಗಳೊಂದಿಗೆ ಹಿಂದಿರುಗಿತೆಂದೂ, ಟಿಪ್ಪಣಿ ಬರೆದವರೇ ಹತ್ತು ನಿಮಿಷದ ನಂತರ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದರೆಂದೂ, ಅದು ವ್ಯಂಗ್ಯವೋ ಏನೋ ತಿಳಿಯಲಿಲ್ಲವೆಂದೂ ಬರೆದಿದ್ದೀರಿ. ಅದರಲ್ಲಿ ವ್ಯಂಗ್ಯವೇನೂ ಇಲ್ಲ. ನಮ್ಮಲ್ಲಿ ಬರವಣಿಗೆಯನ್ನು ತಿದ್ದಿದವರು ಬರೆದವರನ್ನೇ ತಿದ್ದಿದಂತೆ ಭಾಸವಾಗುತ್ತದೆ, ಎರಡು ದಿನ ಮುಖ ತಪ್ಪಿಸಿ ಓಡಾಡುತ್ತೇವೆ. ಅಲ್ಲಿ ವರದಿ ಮೇಜಿನ ಮೇಲೆ ಉಳಿಯುತ್ತದೆ, ಮನುಷ್ಯರು ಕ್ಯಾಂಟೀನಿಗೆ ಹೋಗುತ್ತಾರೆ. ಇದು ನನಗೆ ಇವತ್ತಿಗೂ ಪೂರ್ತಿ ಒಗ್ಗಿದೆ ಎನ್ನಲಾರೆ, ಆದರೆ ಬೆನ್ನ ಹಿಂದೆ ತಿದ್ದುವ ನಮ್ಮ ಕ್ರಮಕ್ಕಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಭಾಷೆಯ ಪಾಲನ್ನು ಮಾತ್ರ ನೀವು ತೀರ ಕಡಿಮೆ ಅಂದಾಜು ಮಾಡಿದ್ದೀರಿ. ಮೀಟಿಂಗಿನಲ್ಲಿ ಜರ್ಮನ್ ವಾಕ್ಯವೊಂದನ್ನು ಮನಸ್ಸಿನಲ್ಲಿ ಜೋಡಿಸಿ, ಕ್ರಿಯಾಪದವನ್ನು ಕೊನೆಗೆ ಇಟ್ಟು ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ವಿಷಯಕ್ಕೆ ಹೋಗಿರುತ್ತದೆ. ಅಂಥ ಮೀಟಿಂಗುಗಳನ್ನು ತಿಂಗಳುಗಟ್ಟಲೆ ಮೌನವಾಗಿ ಕಳೆದವರಿಗೆ ತಮ್ಮ ಬುದ್ಧಿಯೇ ಮಂದವಾಯಿತೇನೋ ಎನ್ನಿಸುವುದು ಸಹಜ. ಮಂದವಾಗಿರುವುದು ನಾಲಿಗೆ ಮಾತ್ರ. ಚರ್ಚೆಯ ವಿಷಯಪಟ್ಟಿಯನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ, ಹೇಳಬೇಕಾದ ಒಂದು ಮಾತನ್ನು ಬರೆದುಕೊಂಡು ಹೋಗಿ ಆರಂಭದಲ್ಲಿಯೇ ಹೇಳಿಬಿಡಿ, ಉಳಿದದ್ದನ್ನು ಆಮೇಲೆ ಇಮೇಲಿನಲ್ಲಿ ಬರೆಯಿರಿ. ಬರವಣಿಗೆಗೆ ಅಲ್ಲಿ ಮಾತಿಗಿಂತ ಹೆಚ್ಚು ಬೆಲೆಯಿದೆ. ‘ನನಗೆ ಈ ಸಾಫ್ಟ್‌ವೇರ್ ಬರುವುದಿಲ್ಲ’ ಎಂಬ ಅನುಮಾನ ಬಂದರೆ ಅದು ಒಳ್ಳೆಯ ಅನುಮಾನ, ತರಬೇತಿ ಕೇಳಿದರೆ ತೀರುತ್ತದೆ. ‘ನನಗೆ ಏನೂ ಬರುವುದಿಲ್ಲ’ ಎಂಬುದಕ್ಕೆ ಯಾವ ತರಬೇತಿಯೂ ಇಲ್ಲ.

ಈ ಎರಡನೆಯ ಬಗೆಯ ಅಳುಕನ್ನು 1978ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೌಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ವಿವರವಾಗಿ ಬರೆದರು. ಓದಿನಲ್ಲಿ, ಉದ್ಯೋಗದಲ್ಲಿ ಮುಂದೆ ಬಂದ ಹೆಂಗಸರೇ ತಮ್ಮ ಗೆಲುವನ್ನು ಅದೃಷ್ಟದ ಲೆಕ್ಕಕ್ಕೋ ಆಯ್ಕೆ ಮಾಡಿದವರ ಕಣ್ತಪ್ಪಿನ ಲೆಕ್ಕಕ್ಕೋ ಹಾಕುವುದನ್ನು ಅವರು ಕಂಡಿದ್ದರು. ಅದನ್ನೊಂದು ರೋಗವೆಂದು ಅವರು ಕರೆಯಲಿಲ್ಲ. ‘ಇಂಪೋಸ್ಟರ್ ಸಿಂಡ್ರೋಮ್’ ಎಂಬ ರೋಗದ ಹೆಸರು ಆಮೇಲೆ ಜನರ ಬಾಯಲ್ಲಿ ಅಂಟಿಕೊಂಡದ್ದು. ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಅವರು ಸೂಚಿಸಿದ ದಾರಿ: ಇಂಥವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವುದು. ಎದುರಿಗಿರುವ ಜಾಣೆಯೂ ಇದೇ ಮಾತನ್ನು ಹೇಳಿದಾಗ ಅದರ ಅಸಂಬದ್ಧತೆ ನಮಗೆ ಕಾಣುತ್ತದೆ, ನಮ್ಮ ಬಾಯಲ್ಲಿ ಅದು ಕಾಣುವುದಿಲ್ಲ. ಒಂಟಿಯಾಗಿ ಕೋಣೆಯಲ್ಲಿ ಕುಳಿತು ಎಷ್ಟು ಆತ್ಮಪರೀಕ್ಷೆ ಮಾಡಿಕೊಂಡರೂ ಅದು ನಡೆಯದು.

ಇನ್ನು ವರ್ಷದ ಲೆಕ್ಕ. ನಮ್ಮ ಅಜ್ಜನ ದಲಾಲಿ ಅಂಗಡಿಯಲ್ಲಿ ಖರ್ಚಿನ ಪುಟವನ್ನಷ್ಟೇ ನೋಡಿ ಯಾರೂ ದೀಪಾವಳಿಯ ಲೆಕ್ಕ ಮುಗಿಸುತ್ತಿರಲಿಲ್ಲ, ಜಮೆಯ ಕಡೆಯೂ ನೋಡಬೇಕಿತ್ತು. ನೀವು ಬರೆದ ಪಟ್ಟಿಯಲ್ಲಿ ಜಮೆಯೇ ಇಲ್ಲ. ಗೊತ್ತಿಲ್ಲದ ಊರಿನಲ್ಲಿ ಬಾಡಿಗೆ ಮನೆ ಹಿಡಿದಿರಿ, ಪಾಲಿಕೆಯಲ್ಲಿ ವಿಳಾಸ ನೋಂದಾಯಿಸಿದಿರಿ, ಆರೋಗ್ಯ ವಿಮೆಯ ಕಾಗದ ಓದಿ ಅರ್ಥಮಾಡಿಕೊಂಡಿರಿ, ಜರ್ಮನ್ ಭಾಷೆಯ ಎ2 ಹಂತದ ಪರೀಕ್ಷೆ ಮುಗಿಸಿದಿರಿ. ಇವನ್ನು ಪತ್ರದಲ್ಲಿ ಬೇರೆ ಬೇರೆ ಕಡೆ, ದೂರಿನ ನಡುವೆ, ಸುಮ್ಮನೆ ಪ್ರಸ್ತಾಪಿಸಿದ್ದೀರಿ. ಪತ್ರ ಬರೆದದ್ದು ಡಿಸೆಂಬರಿನಲ್ಲಿ ಎಂಬುದನ್ನೂ ಮರೆಯಬೇಡಿ. ಸ್ಟುಟ್‌ಗಾರ್ಟಿನಲ್ಲಿ ಆಗ ಬೆಳಗಿನ 8 ದಾಟಿದ ಮೇಲೆ ಸೂರ್ಯ ಹುಟ್ಟಿ, ಸಂಜೆ ನಾಲ್ಕೂವರೆಗೆಲ್ಲ ಮುಳುಗುತ್ತಾನೆ. ನಮ್ಮ ದುರ್ಗ, ದಾವಣಗೆರೆಗಳ ಅತ್ಯಂತ ಚಿಕ್ಕ ಹಗಲು ಕೂಡ 11 ಗಂಟೆಗೂ ಹೆಚ್ಚು. ಬಿಸಿಲಿನಲ್ಲಿ ಬೆಳೆದ ನಮಗೆ ಆ ತಿಂಗಳು ಎಲ್ಲವೂ ನಷ್ಟವಾಗಿಯೇ ಕಾಣುತ್ತದೆ. ಮರಳುವ ತೀರ್ಮಾನವನ್ನು ಆ ಕತ್ತಲಿನಲ್ಲಿ ಮಾಡಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಗೆಳೆತನದ ವಿಷಯಕ್ಕೆ ಬರುತ್ತೇನೆ. ಹುಟ್ಟುಹಬ್ಬದ ದಿನ ಕಚೇರಿಯಲ್ಲಿ ಯಾರೂ ಕೇಕ್ ತರಲಿಲ್ಲವೆಂದು ನೊಂದು ಬರೆದಿದ್ದೀರಿ. ಅಲ್ಲಿನ ಪದ್ಧತಿಯಲ್ಲಿ ಹುಟ್ಟುಹಬ್ಬ ಯಾರದ್ದೋ ಅವರೇ ಕೇಕ್ ತಂದು ಅಡುಗೆಕೋಣೆಯ ಮೇಜಿನ ಮೇಲಿಟ್ಟು, ಎಲ್ಲರಿಗೂ ಒಂದು ಇಮೇಲ್ ಕಳುಹಿಸಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳು ಹೊಸ ಬಟ್ಟೆ ತೊಟ್ಟು ತರಗತಿಗೆಲ್ಲ ಚಾಕೊಲೇಟ್ ಹಂಚುತ್ತಾರಲ್ಲ, ಹಾಗೆಯೇ. ಬಹುಶಃ ಆ ದಿನ ಅವರೂ ನಿಮ್ಮ ಕೇಕಿಗಾಗಿ ಕಾದಿರಬಹುದು! ತಡವಾಗಿ ತಂದರೂ ಪರವಾಗಿಲ್ಲ, ರವೆ ಉಂಡೆಯಾದರೂ ನಡೆಯುತ್ತದೆ. ಹುಟ್ಟುಹಬ್ಬಕ್ಕೆ ಮುಂಚೆ ಮಾತ್ರ ಶುಭಾಶಯ ಒಪ್ಪಿಕೊಳ್ಳಬೇಡಿ, ಅದನ್ನು ಅವರು ಅಪಶಕುನವೆಂದು ಭಾವಿಸುತ್ತಾರೆ.

ಆದರೆ ಕೇಕಿನಿಂದ ಪರಿಚಯ ಬೆಳೆದೀತು, ಸ್ನೇಹಕ್ಕೆ ಸಮಯವೇ ಬೇಕು. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನವೆನ್ನಿಸಿಕೊಳ್ಳಲು 90, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆಗಳ ಒಡನಾಟ ಬೇಕು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಗಂಟೆಗಳನ್ನು ಹೀಗೆ ಅಳೆಯುವುದು ನಮಗೆ ವಿಚಿತ್ರವೆನ್ನಿಸಿದರೂ, ಊರಿನಲ್ಲಿ ಆ 200 ಗಂಟೆ ನಮಗೆ ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ, ಜೋಗಿಮಟ್ಟಿಯ ದಾರಿಯಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದವು. ಅಲ್ಲಿ ಅವನ್ನು ನಾವೇ ಹೊಂದಿಸಿಕೊಳ್ಳಬೇಕು. ಆದ್ದರಿಂದ ವರ್ಷಕ್ಕೆರಡು ದೊಡ್ಡ ಕೂಟಗಳಿಗಿಂತ ವಾರವಾರವೂ ಅದೇ ಜನರನ್ನು ಅದೇ ಹೊತ್ತಿಗೆ ಕಾಣುವಂಥದ್ದನ್ನು ಆರಿಸಿಕೊಳ್ಳಿ. ಕನ್ನಡಿಗರ ಯುಗಾದಿ, ರಾಜ್ಯೋತ್ಸವಗಳಿಗೆ ಖಂಡಿತ ಹೋಗಿ, ಒಬ್ಬಟ್ಟು ತಿಂದು ಬನ್ನಿ. ಆಪ್ತರು ಅಲ್ಲಿ ಸಿಕ್ಕಿದರೆ ಅದೃಷ್ಟ. ಕೋಟೆ ಹತ್ತಿ ಬೆಳೆದ ನಿಮಗೆ 1888ರಿಂದ ನಡೆದುಬಂದಿರುವ ಶ್ವೇಬಿಷರ್ ಆಲ್ಬ್‌ಫೆರೈನ್ ಎಂಬ ಚಾರಣ ಸಂಘ ಹಿಡಿಸಬಹುದು. ನಾನು ನಗರದ ವಯಸ್ಕರ ಶಾಲೆಯ ಸಂಜೆ ತರಗತಿಗೆ ಸೇರಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವಳು ಟರ್ಕಿಯ ಬುರ್ಸಾದವಳು. ಇಬ್ಬರ ಜರ್ಮನ್ನೂ ಹರಕು, ಇಬ್ಬರದೂ ಒಂದೇ ಟ್ರಾಮ್. ಟ್ರಾಮಿನಲ್ಲಿ ಮೊದಲು ವ್ಯಾಕರಣ, ಆಮೇಲೆ ಅತ್ತೆಯಂದಿರು, ಆಮೇಲೆ ಕೆಲಸದ ಚಿಂತೆ. ನನ್ನ ಅರ್ಜಿಯೊಂದನ್ನು ಓದಿ ‘ಇಷ್ಟು ಮಾಡಿದವಳು ಯಾಕೆ ಹೀಗೆ ಕುಗ್ಗಿ ಬರೆದಿದ್ದೀಯೆ’ ಎಂದು ಮೊದಲು ಗದರಿದವಳು ಅವಳೇ.

ಊರಿನ ಗೆಳತಿಯರು ದೂರವಾದದ್ದಕ್ಕೆ ಗಡಿಯಾರವೂ ಒಂದು ಕಾರಣ. ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ನೀವು ಕೆಲಸ ಮುಗಿಸಿ ಬಂದಾಗ ದುರ್ಗದಲ್ಲಿ ಮಲಗುವ ಹೊತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಹೇಗೂ ಅಂಗಡಿಗಳಿಲ್ಲ, ಆ ಹೊತ್ತನ್ನು ಅವರಿಗೆ ಮೀಸಲಿಡಿ. ಇನ್ನೊಂದು ಕಾರಣ ನೀವು ಕಳುಹಿಸುವ ಫೋಟೊಗಳು. ಹಿಮವನ್ನೂ ಅರಮನೆಯನ್ನೂ ನೋಡಿದವರು ‘ಅವಳೇನು, ಆರಾಮಾಗಿದಾಳೆ’ ಎಂದುಕೊಂಡು ತಮ್ಮ ಮನೆಯ ತಾಪತ್ರಯಗಳನ್ನು ನಿಮಗೆ ಹೇಳಲು ಸಂಕೋಚಪಡುತ್ತಾರೆ. ನನಗೆ ಬರೆದದ್ದರ ಅರ್ಧವನ್ನು ಅವರಿಗೆ ಹೇಳಿ ನೋಡಿ.

ಮರಳುವ ಪ್ರಶ್ನೆಗೆ ಚಿಕ್ಕ ಉತ್ತರ: ಮರಳಿದರೆ ಅವಮಾನವೇನಿಲ್ಲ, ಬಂದವರು ಚೆನ್ನಾಗಿಯೇ ಇದ್ದಾರೆ. ನಿಮ್ಮಲ್ಲಿರುವುದು ನುರಿತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಆದರೆ 27 ತಿಂಗಳಿಗೆ, ಎ2ರ ಮುಂದಿನ ಬಿ1 ಹಂತದ ಜರ್ಮನ್ ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ನೋಡುವುದು ಜಾಣತನ. ಆದರೆ ನಿದ್ರೆಯೇ ಬಾರದ ವಾರಗಳು ಮುಂದುವರಿದರೆ ಇದನ್ನೆಲ್ಲ ಬದಿಗಿಟ್ಟು ನಿಮ್ಮ ವೈದ್ಯರ ಬಳಿ ಹೋಗಿ, ಅಥವಾ 116117ಕ್ಕೆ ಕರೆ ಮಾಡಿ ಮನೋಚಿಕಿತ್ಸಕರ ಮೊದಲ ಭೇಟಿಯನ್ನು ಗೊತ್ತುಮಾಡಿಕೊಳ್ಳಿ. ಸರ್ಕಾರಿ ಆರೋಗ್ಯ ವಿಮೆ ಅದರ ಖರ್ಚನ್ನು ಕೊಡುತ್ತದೆ.

ನಾನು ತಿಂಗಳ ಕೊನೆಗೆ ಹೊರಡುತ್ತೇನೆ. ದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್. ನಿಮ್ಮ ಮನೆಯವರು ಏನಾದರೂ ಕಳುಹಿಸುವುದಿದ್ದರೆ ಅದಕ್ಕೆ ಮೊದಲೇ ತಲುಪಿಸಲಿ. ಶೇಂಗಾ ಚಟ್ನಿಪುಡಿ, ರೊಟ್ಟಿ ಎಷ್ಟಾದರೂ ಸರಿ. ತುಪ್ಪ, ಪೇಡ ಬೇಡ ಎಂದು ಅಮ್ಮನಿಗೆ ತಿಳಿಸಿ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಅಲ್ಲಿಗೆ ಒಯ್ಯುವಂತಿಲ್ಲ. ಬಂದ ಮೊದಲ ಶನಿವಾರ ಗಂಟು ತೆಗೆದುಕೊಳ್ಳಲು ನಮ್ಮ ಮನೆಗೆ ಬನ್ನಿ, ಬುರ್ಸಾದವಳನ್ನೂ ಕರೆದಿರುತ್ತೇನೆ.