ಹೊಟ್ಟೆಯ ಆಮ್ಲ ಹೊಟ್ಟೆಯನ್ನೇ ಯಾಕೆ ಸುಡುವುದಿಲ್ಲ?

ಈ ಸಲದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಪಾಠದ ಪುಸ್ತಕದಲ್ಲಿ ಪೋಷಣೆ ಒಂದು ಕಡೆ, ಆಮ್ಲ ಇನ್ನೊಂದು ಕಡೆ, ಉಷ್ಣ ಮತ್ತೊಂದು ಕಡೆ. ನಿಮ್ಮ ಪ್ರಶ್ನೆಗಳಲ್ಲಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ದೇಹದೊಳಗೂ ಹಾಗೇ ಇದೆ. ಅದಕ್ಕೇ ಉತ್ತರಗಳೂ ಅಲ್ಲಿಂದಿಲ್ಲಿಗೆ ಸ್ವಲ್ಪ ಓಡಾಡುತ್ತವೆ.

ಪ್ರಶ್ನೆ: ನಾನು ಏಳನೇ ತರಗತಿ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ ಎಂದು ಓದಿದೆ. ಲ್ಯಾಬಿನಲ್ಲಿ ಅದೇ ಆಮ್ಲದ ಬಾಟಲಿ ಮುಟ್ಟಬೇಡಿ ಅನ್ನುತ್ತಾರೆ. ಹಾಗಾದರೆ ಅದು ಹೊಟ್ಟೆಯನ್ನೇ ಯಾಕೆ ಸುಡುವುದಿಲ್ಲ? ಒಳಗೆ ಇಣುಕಿ ನೋಡಿದವರು ಯಾರು?

ಉತ್ತರ: ಎರಡೂ ಒಳ್ಳೆಯ ಪ್ರಶ್ನೆ. ಎರಡನೆಯದನ್ನಂತೂ ಕೇಳುವವರೇ ಕಡಿಮೆ.

ಜಠರವನ್ನು ಕಾಯುವುದು ಲೋಳೆ. ಒಳಗೋಡೆಯ ಮೇಲೆ ಅದು ದಪ್ಪಗೆ ಹರಡಿಕೊಂಡಿರುತ್ತದೆ, ಅದರೊಳಗೆ ಬೈಕಾರ್ಬೊನೇಟ್ ಇರುತ್ತದೆ, ಗೋಡೆಯ ಹತ್ತಿರ ಬರುವ ಆಮ್ಲವನ್ನು ಅದು ಅಲ್ಲೇ ತಟಸ್ಥ ಮಾಡಿಬಿಡುತ್ತದೆ. ಹಾಗಾಗಿ ಜಠರದ ನಡುವೆ ಪಿಎಚ್ (ಆಮ್ಲದ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಜಾಸ್ತಿ, 7 ಎಂದರೆ ತಟಸ್ಥ) 2ರ ಆಸುಪಾಸು ಇದ್ದರೂ ಗೋಡೆಗೆ ತಾಗಿದ ಪದರದಲ್ಲಿ 7ರ ಹತ್ತಿರ ಇರುತ್ತದೆ. ಇಷ್ಟಾದರೂ ಒಳಪದರ ಸವೆಯುತ್ತದೆ, ಆದರೆ ಕೆಲವೇ ದಿನಗಳಲ್ಲಿ ಹೊಸ ಜೀವಕೋಶಗಳು ಹುಟ್ಟಿ ಜಾಗ ತುಂಬುತ್ತವೆ. ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವದ ವಿಷಯದಲ್ಲೂ ದೇಹ ಹುಷಾರಾಗಿದೆ. ಅದು ಮೊದಲು ಕೆಲಸ ಮಾಡದ ರೂಪದಲ್ಲಿ ಹೊರಬರುತ್ತದೆ, ಆಮ್ಲ ಸೇರಿದ ಮೇಲಷ್ಟೇ ಚುರುಕಾಗುತ್ತದೆ. ಮೊದಲೇ ಚುರುಕಾಗಿದ್ದರೆ ತನ್ನನ್ನು ತಯಾರಿಸಿದ ಕೋಶವನ್ನೇ ತಿಂದುಹಾಕುತ್ತಿತ್ತು, ಅಲ್ವಾ? ಈ ಕಾವಲು ತಪ್ಪಿದ ಕಡೆ ಹುಣ್ಣಾಗುತ್ತದೆ.

ಇನ್ನು ಇಣುಕಿ ನೋಡಿದವರು. 1822ರ ಜೂನ್ ತಿಂಗಳಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಅಕಸ್ಮಾತ್ತಾಗಿ ಬಂದೂಕಿನ ಗುಂಡು ತಗುಲಿತು. ವಿಲಿಯಂ ಬ್ಯೂಮಾಂಟ್ ಎಂಬ ಸೇನಾ ವೈದ್ಯ ಚಿಕಿತ್ಸೆ ಮಾಡಿದ. ಬದುಕುವುದೇ ಅನುಮಾನ ಎಂದುಕೊಂಡಿದ್ದವನು ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಹೊರಗಿನಿಂದ ನೇರ ಜಠರಕ್ಕೆ ಒಂದು ಕಿಟಕಿ ಉಳಿದುಬಿಟ್ಟಿತು. 1825ರಿಂದ ಬ್ಯೂಮಾಂಟ್ ಆ ಕಿಟಕಿಯಲ್ಲಿ ಪ್ರಯೋಗ ಶುರು ಮಾಡಿದ. ಮಾಂಸದ ತುಂಡು, ಬ್ರೆಡ್ಡಿನ ಚೂರು, ಎಲೆಕೋಸು, ಇವನ್ನು ರೇಷ್ಮೆ ದಾರಕ್ಕೆ ಕಟ್ಟಿ ಒಳಗೆ ಇಳಿಬಿಡುವುದು, ಒಂದು ಗಂಟೆ ಬಿಟ್ಟು ಎಳೆದು ನೋಡುವುದು, ಮತ್ತೆ ಇಳಿಬಿಡುವುದು.

ನನಗೆ ಬಹಳ ಮುಖ್ಯ ಅನಿಸುವುದು ಇದರ ಮುಂದಿನ ಪ್ರಯೋಗ. ಆತ ಜಠರರಸವನ್ನು ಹೊರಗೆ ತೆಗೆದು ಸಣ್ಣ ಸೀಸೆಗೆ ಹಾಕಿ, ಮಾಂಸದ ತುಂಡು ಮುಳುಗಿಸಿ, ಸೀಸೆಯನ್ನು ಮೈಬಿಸಿಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಇಟ್ಟ. ಸುಮಾರು 38 ಡಿಗ್ರಿ ಸೆಲ್ಸಿಯಸ್ ಅಂದುಕೊಳ್ಳಿ. ಮಾಂಸ ಸೀಸೆಯಲ್ಲೇ ಕರಗುತ್ತಾ ಬಂತು, ಹೊಟ್ಟೆಯಲ್ಲಿ ಆಗುವುದಕ್ಕಿಂತ ನಿಧಾನವಾಗಿ, ಆದರೆ ಕರಗಿತು. ರಸ ತಣ್ಣಗಿದ್ದಾಗ ಕೆಲಸ ನಿಂತುಹೋಯಿತು. ಜೀರ್ಣ ಎಂದರೆ ಜಠರ ಕಡೆದು ಪುಡಿ ಮಾಡುವುದು ಮಾತ್ರ ಅಲ್ಲ, ಅದು ರಾಸಾಯನಿಕ ಕ್ರಿಯೆ, ಅದಕ್ಕೆ ಆಮ್ಲವೂ ಬೇಕು, ಬಿಸಿಯೂ ಬೇಕು ಎನ್ನುವುದು ಆ ಒಂದು ಸೀಸೆಯಲ್ಲಿ ಕಂಡಿತು. ಅಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ ಎಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲೇ ತೋರಿಸಿದ್ದ. ಬ್ಯೂಮಾಂಟ್ ತನ್ನ ಪ್ರಯೋಗಗಳನ್ನು 1833ರಲ್ಲಿ ಪುಸ್ತಕವಾಗಿ ತಂದ.

ಒಂದು ಮಾತು ಹೇಳಲೇಬೇಕು. ಸೇಂಟ್ ಮಾರ್ಟಿನ್ ಓದು ಬರಹ ಬಾರದ ಬಡವ. ಅದೇ ವೈದ್ಯನ ಮನೆಯಲ್ಲಿ ಚಾಕರಿ ಮಾಡಿಕೊಂಡು ಈ ಪ್ರಯೋಗಗಳಿಗೆ ಒಡ್ಡಿಕೊಂಡ, ನೋವು ತಿಂದ, ಬಿಟ್ಟು ಊರಿಗೂ ಹೋದ. ಪಾಠದಲ್ಲಿ ವೈದ್ಯನ ಹೆಸರು ಬರುವ ಕಡೆ ಇವನ ಹೆಸರೂ ಬರಬೇಕು.

ಪ್ರಶ್ನೆ: ತಲೆಕೆಳಗಾಗಿ ನಿಂತು ನೀರು ಕುಡಿದರೆ ಹೊಟ್ಟೆಗೆ ಹೋಗುತ್ತದೆಯೇ?

ಉತ್ತರ: ಹೋಗುತ್ತದೆ. ಅನ್ನನಾಳದ ಸ್ನಾಯುಗಳು ಅಲೆಯ ಹಾಗೆ ಒಂದರ ಹಿಂದೆ ಒಂದು ಹಿಂಡುತ್ತಾ ನುಂಗಿದ್ದನ್ನು ದೂಡುತ್ತವೆ, ಕೆಳಮುಖವಾಗಿ ಬೀಳಲಿ ಎಂದು ಕಾಯುವುದಿಲ್ಲ. ಆದರೆ ನೀವು ಮಾಡಿ ನೋಡಬೇಡಿ, ನೀರು ಉಸಿರಿನ ದಾರಿಗೆ ನುಗ್ಗಬಹುದು.

ಪ್ರಶ್ನೆ: ಬ್ರೆಡ್ಡನ್ನು ತುಂಬಾ ಹೊತ್ತು ಅಗಿದರೆ ಸಿಹಿಯಾಗುತ್ತದೆ ಎಂದು ನನ್ನ ಮಗಳು ಹೇಳುತ್ತಾಳೆ. ನನಗೆ ಅಷ್ಟಾಗಿ ಗೊತ್ತಾಗಲಿಲ್ಲ. ನಿಜವೇ?

ಉತ್ತರ: ನಿಜ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡು ಮಾಡಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಸಕ್ಕರೆ ಡಬ್ಬಿಯ ಸಿಹಿ ನಿರೀಕ್ಷಿಸಬೇಡಿ, ತೆಳುವಾದ ಸಿಹಿ. ನಾಲಿಗೆಗೆ ಗೊತ್ತಾಗದಿದ್ದರೆ ಕಣ್ಣಿಗೆ ಕಾಣುವ ಹಾಗೆ ಮಾಡಿ. ಆಲೂಗಡ್ಡೆ ಬೇಯಿಸಿದ ನೀರು ತಣ್ಣಗಾಗಲಿ. ಮೂರು ಸಣ್ಣ ಲೋಟಗಳಿಗೆ ಒಂದೊಂದು ಚಮಚ ಹಾಕಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಅರ್ಧ ಚಮಚ ಜೊಲ್ಲು. ಮೂರನೆಯದಕ್ಕೆ ಕುದಿಸಿ ಆರಿಸಿದ ಜೊಲ್ಲು. ಮೂರೂ ಲೋಟಗಳನ್ನು ಮೈಬಿಸಿಯಷ್ಟು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ. ಆಮೇಲೆ ಒಂದೊಂದು ಹನಿ ಟಿಂಚರ್ ಅಯೋಡಿನ್ ಬಿಡಿ. ಪಿಷ್ಟ ಇದ್ದಲ್ಲಿ ಕಡುನೀಲಿ ಬಣ್ಣ ಮೋಡದ ಹಾಗೆ ಹರಡುತ್ತದೆ. ಮೊದಲನೆಯದು ಮತ್ತು ಮೂರನೆಯದು ನೀಲಿಯಾಗುತ್ತವೆ. ಎರಡನೆಯದರಲ್ಲಿ ಅಯೋಡಿನ್ನಿನ ಕಂದು ಹಳದಿ ಬಣ್ಣ ಹಾಗೇ ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ಪಿಷ್ಟ ಹೆಚ್ಚುಕಡಿಮೆ ಮುಗಿದಿದೆ. ಎರಡನೆಯದರಲ್ಲೂ ನೀಲಿ ಬಂದರೆ ನಿಮ್ಮ ಪಿಷ್ಟದ ನೀರು ಗಟ್ಟಿ ಇದೆ, ನೀರು ಬೆರೆಸಿ ಇನ್ನೊಮ್ಮೆ ಮಾಡಿ. ಅಯೋಡಿನ್ ಬಿಟ್ಟ ನೀರನ್ನು ಯಾರೂ ಬಾಯಿಗೆ ಹಾಕಬಾರದು.

ಮೂರನೇ ಲೋಟವನ್ನು ಬಿಡಬೇಡಿ. ಬ್ಯೂಮಾಂಟನ ಸೀಸೆಯಲ್ಲಿ ತಣ್ಣಗಾದರೆ ಕೆಲಸ ನಿಂತಿತು, ಇಲ್ಲಿ ಕುದಿಸಿದರೆ ನಿಂತಿತು. ತಣ್ಣಗಾದ ಕಿಣ್ವ ಮತ್ತೆ ಬೆಚ್ಚಗಾದರೆ ಎಚ್ಚರಾಗುತ್ತದೆ. ಕುದಿಸಿದ ಕಿಣ್ವ ಹಾಳಾದಂತೆಯೇ, ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗುವುದಿಲ್ಲವಲ್ಲ, ಹಾಗೆ.

ಪ್ರಶ್ನೆ: ನಿಂಬೆರಸ ಕುಡಿದರೆ ರಕ್ತ ಹುಳಿಯಾಗುತ್ತದೆ ಅನ್ನುತ್ತಾರೆ. ಹೌದೇ?

ಉತ್ತರ: ಇಲ್ಲ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ, ಶ್ವಾಸಕೋಶ ಮತ್ತು ಮೂತ್ರಪಿಂಡ ಅದನ್ನು ಅಲ್ಲೇ ಹಿಡಿದಿಡುತ್ತವೆ. ನಿಂಬೆರಸ ಹೋಗಿ ಸೇರುವುದು ಮೊದಲೇ ಅದರಷ್ಟೇ ಹುಳಿ ಇರುವ ಜಠರಕ್ಕೆ. ಅಲ್ಲಿಂದ ಸಣ್ಣ ಕರುಳಿಗೆ ಇಳಿದ ಕೂಡಲೇ ಮೇದೋಜೀರಕ ಗ್ರಂಥಿಯ ರಸ ಆಮ್ಲವನ್ನು ತಟಸ್ಥ ಮಾಡುತ್ತದೆ. ಪಿಎಚ್ ಅಳತೆಯ ಒಂದು ವಿಷಯ ನೆನಪಿರಲಿ: ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಪಿಎಚ್ 2 ಇರುವ ದ್ರವ ಪಿಎಚ್ 4 ಇರುವ ದ್ರವಕ್ಕಿಂತ ಎರಡು ಪಟ್ಟಲ್ಲ, ನೂರು ಪಟ್ಟು ಜಾಸ್ತಿ ಆಮ್ಲೀಯ. ಎದೆಯುರಿಗೆ ಕೊಡುವ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಪ್ರತ್ಯಾಮ್ಲ, ಆಮ್ಲದ ಜೊತೆ ಸೇರಿ ಲವಣ ಮತ್ತು ನೀರಾಗುತ್ತದೆ. ಅಡುಗೆ ಸೋಡಾ ಆದರೆ ಇಂಗಾಲದ ಡೈಆಕ್ಸೈಡ್ ಕೂಡ ಬರುತ್ತದೆ, ತೇಗು ಬರುವುದು ಅದಕ್ಕೇ. ಪದೇ ಪದೇ ಉರಿ ಬಂದರೆ ಸುಮ್ನೆ ಸೋಡಾ ಕುಡಿಯುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಶಿಕ್ಷಕಿ. ಉಷ್ಣ ಮತ್ತು ತಾಪಮಾನ ಎರಡೂ ಒಂದೇ ಎಂದು ಮಕ್ಕಳು ಬರೆಯುತ್ತಾರೆ. ಊಟದ ಕ್ಯಾಲೊರಿ ಕೂಡ ಉಷ್ಣವೇ ಅಂದರೆ ನಂಬುವುದೇ ಇಲ್ಲ. ಹೇಗೆ ಹೇಳಲಿ?

ಉತ್ತರ: ವ್ಯಾಖ್ಯೆ ಆಮೇಲೆ ಕೊಡಿ, ಮೊದಲು ಕೈಗೆ ವಸ್ತು ಕೊಡಿ. ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಸ್ಟೀಲ್ ಚಮಚ ಮತ್ತು ಮರದ ಚಮಚವನ್ನು ಒಂದೊಂದು ಕೈಯಲ್ಲಿ ಹಿಡಿಸಿ. ಸ್ಟೀಲು ತಣ್ಣಗಿದೆ ಎಂದೇ ಎಲ್ಲರೂ ಹೇಳುತ್ತಾರೆ. ಆಗ ಥರ್ಮಾಮೀಟರ್ ಇಟ್ಟು ತೋರಿಸಿ, ಎರಡೂ ಒಂದೇ ತಾಪಮಾನ. ಸ್ಟೀಲು ಕೈಯ ಉಷ್ಣವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ, ಕೈಗೆ ಗೊತ್ತಾಗುವುದು ಆ ವೇಗ. ಎಷ್ಟು ಬಿಸಿ ಎನ್ನುವುದು ತಾಪಮಾನ, ಬಿಸಿ ಇದ್ದಲ್ಲಿಂದ ತಣ್ಣಗಿದ್ದಲ್ಲಿಗೆ ಹರಿಯುವ ಶಕ್ತಿ ಉಷ್ಣ.

ಕ್ಯಾಲೊರಿಗೆ ನೀರಿನ ಲೆಕ್ಕ ಸುಲಭ. ಆಹಾರದ ಪೊಟ್ಟಣದ ಮೇಲೆ ಬರೆಯುವ 1 ಕಿಲೊಕ್ಯಾಲೊರಿ ಎಂದರೆ 1 ಕಿಲೊ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವಷ್ಟು ಉಷ್ಣ. 1 ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೊಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ ಸುಮಾರು 4. ಅಂದರೆ ಒಂದು ಗ್ರಾಂ ಎಣ್ಣೆಯ ಶಕ್ತಿ ಪೂರ್ತಿ ನೀರಿಗೇ ಹೋದರೆ ಒಂದು ಲೀಟರ್ ನೀರು 9 ಡಿಗ್ರಿ ಬಿಸಿಯಾಗುತ್ತದೆ. ದೇಹ ಇದನ್ನು ಜ್ವಾಲೆಯಿಲ್ಲದೆ, ಸಣ್ಣ ಸಣ್ಣ ಹಂತಗಳಲ್ಲಿ ಬಿಡಿಸಿಕೊಳ್ಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕೊನೆಗೆ ಉಷ್ಣವಾಗಿ ಮೈಯನ್ನು 37 ಡಿಗ್ರಿ ಆಸುಪಾಸಿನಲ್ಲಿ ಇಡುತ್ತದೆ. ಜಠರಕ್ಕೂ ಜೊಲ್ಲಿಗೂ ಬೇಕಾಗಿದ್ದ ಬಿಸಿ ಇದೇ.

ಕಂಬಳಿ ಬಿಸಿ ಕೊಡುತ್ತದೆ ಎಂದು ಮಕ್ಕಳು ಖಂಡಿತ ವಾದಿಸುತ್ತಾರೆ. ಬೇಡ ಅನ್ನಬೇಡಿ. ಒಂದೇ ಗಾತ್ರದ ಎರಡು ಮಂಜುಗಡ್ಡೆ ತನ್ನಿ, ಒಂದನ್ನು ತಟ್ಟೆಯಲ್ಲಿ ಹಾಗೇ ಇಡಿ, ಇನ್ನೊಂದನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಉಣ್ಣೆ ಬಟ್ಟೆಯಲ್ಲಿ ನಾಲ್ಕು ಸುತ್ತು ಸುತ್ತಿ. ಯಾವುದು ಮೊದಲು ಕರಗುತ್ತದೆ ಎಂದು ಎಲ್ಲರಿಂದಲೂ ಮೊದಲೇ ಬರೆಸಿಕೊಳ್ಳಿ. ತಟ್ಟೆಯದು ಪೂರ್ತಿ ನೀರಾದ ಹೊತ್ತಿಗೆ ಉಣ್ಣೆ ಬಿಚ್ಚಲು ಅವರಿಗೇ ಕೊಡಿ. ಒಳಗಿನ ಗಡ್ಡೆ ಇನ್ನೂ ಗಟ್ಟಿಯಾಗೇ ಇರುತ್ತದೆ.